ತೊಳೆದು ತಂದ ಅಂಬಾಸಿಡರ್

2022ನೇ ಇಸವಿಯ ಸೆಪ್ಟೆಂಬರ್. ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ನಾನು ಗ್ಯಾರೇಜು ತೆರೆದು ಇಪ್ಪತ್ತೆಂಟು ವರ್ಷವಾಗಿತ್ತು. ಎಂಜಿನ್ ರಿಪೇರಿ ನಮ್ಮಲ್ಲಿ ಇಲ್ಲ, ಪೇಂಟಿಂಗೂ ಇಲ್ಲ. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಮಾತ್ರ. ಅಂದರೆ ಗಾಡಿ ತಿರುಗಿಸಿದ ಕಡೆಗೆ ತಿರುಗಬೇಕು, ಹೊಂಡಕ್ಕೆ ಇಳಿದರೆ ಒಳಗಿದ್ದವರ ಸೊಂಟ ಉಳಿಯಬೇಕು. ನಮ್ಮ ರಸ್ತೆಗಳ ದಯೆಯಿಂದ ಕೆಲಸಕ್ಕೆ ಯಾವತ್ತೂ ಬರಗಾಲ ಬಂದದ್ದಿಲ್ಲ.

ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಪೂಜೆ ಅಣ್ಣನ ಪಾಲಿಗೆ ಹೋಯಿತು, ನಾನು ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಸ್ಪ್ಯಾನರ್ ಹಿಡಿದೆ. ಗ್ಯಾರೇಜಿಗೆ ಬರುವವರಿಗೆಲ್ಲ ನಾನು ‘ಭಟ್ರು’. ನನ್ನ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಗೋಡೆಯ ಆಚೆಗೆ ಒಂದು ಫಿಶ್‌ಮೀಲ್ ಘಟಕ ಇದೆ. ಮೀನನ್ನು ಬೇಯಿಸಿ ಒಣಗಿಸಿ ಪುಡಿ ಮಾಡುವ ಕಾರ್ಖಾನೆ ಅದು. ಮೊದಲ ವರ್ಷ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿದೆ. ಆಮೇಲೆ ಮೂಗು ತಾನಾಗಿ ಸೋತು ಸುಮ್ಮನಾಯಿತು. ಈಗ ಹೊಸ ಗಿರಾಕಿಗಳು ಮುಖ ಸಿಂಡರಿಸಿದಾಗ ಮಾತ್ರ ನನಗೆ ಆ ವಾಸನೆಯ ನೆನಪಾಗುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ನಾನು ಸಂಶಯದ ಮನುಷ್ಯ. ಹಾಲಿನ ಪ್ಯಾಕೆಟನ್ನು ಕೂಡ ಕೈಯಲ್ಲಿ ತೂಗಿ ನೋಡುತ್ತೇನೆ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ. ಆದರೆ ನಮ್ಮ ವೃತ್ತಿಯಲ್ಲಿ ಸಂಶಯ ಇಲ್ಲದವನು ಉಳಿಯುವುದಿಲ್ಲ. ಗಾಡಿ ಗುದ್ದಿದವನು ಗುದ್ದಿಲ್ಲ ಎನ್ನುತ್ತಾನೆ, ಸ್ಪೇರ್ ಪಾರ್ಟ್ ಮಾರುವವನು ಡೂಪ್ಲಿಕೇಟನ್ನು ಒರಿಜಿನಲ್ ಎಂದು ಆಣೆ ಹಾಕುತ್ತಾನೆ. ಹಾಗಾಗಿ ನಾನು ಹಾಕುವ ಪ್ರತಿ ಹೊಸ ಪಾರ್ಟಿನ ಮೇಲೂ ಸೆಂಟರ್ ಪಂಚ್ ಇಟ್ಟು, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಎರಡು ಚುಕ್ಕಿ ಕೊರೆಯುತ್ತೇನೆ. ನಾಳೆ ಯಾರಾದರೂ ಬಂದು, ಭಟ್ರೆ, ನೀವು ಹಾಕಿದ ಮಾಲು ಹಾಳಾಯಿತು ಎಂದರೆ ಚುಕ್ಕಿ ತೋರಿಸಿ ಎನ್ನಬಹುದಲ್ಲ, ಅದಕ್ಕೆ.

ಆ ಸೆಪ್ಟೆಂಬರಿನಲ್ಲಿ ಬಂದದ್ದು ಒಂದು ಬಿಳಿ ಅಂಬಾಸಿಡರ್, 1977ರ ಮಾಡೆಲ್. ಅದರ ಮಾಲೀಕ ಸುಧೀರ್, ನಲವತ್ತರ ಆಸುಪಾಸಿನವನು. ಕುವೈತಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿ, ಬಲ್ಮಠದಲ್ಲಿ ಮದುವೆ ಸಮಾರಂಭಗಳನ್ನು ವಹಿಸಿಕೊಳ್ಳುವ ಆಫೀಸು ಇಟ್ಟಿದ್ದ. ಕಾರು ಅವನ ತೀರಿಹೋದ ತಂದೆಯದು. ಈಗಿನ ಮದುಮಕ್ಕಳಿಗೆ ಹಳೆಯ ಕಾರಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವ ಮರುಳು. ಸುಧೀರ್ ಅದನ್ನು ಸರಿಯಾಗಿ ಹಿಡಿದ. ಮೂಲೆಯಲ್ಲಿದ್ದ ಕಾರಿಗೆ ಹೊಸ ಪೇಂಟ್, ಹೊಸ ಸೀಟು ಮಾಡಿಸಿ ಮದುವೆಗಳಿಗೆ ಬಾಡಿಗೆಗೆ ಬಿಡತೊಡಗಿದ. ಓಡಿಸುವವರು ಅವನ ತಂದೆಯ ಕಾಲದಿಂದಲೂ ಇದ್ದ ಡ್ರೈವರ್ ಸಂಜೀವಣ್ಣ. ಅವರದು ಕಡಲ ಬದಿಯ ಮನೆ, ಅಪ್ಪ ಅಣ್ಣಂದಿರು ದೋಣಿಯವರು. ಇವರೊಬ್ಬರು ಮಾತ್ರ ಸಮುದ್ರ ಬಿಟ್ಟು ಸ್ಟೀರಿಂಗ್ ಹಿಡಿದವರು. ಮದುವೆ ಇಲ್ಲದ ದಿನ ಕಾರು ಅವರ ಮನೆಯ ಅಂಗಳದಲ್ಲೇ ಇರುತ್ತಿತ್ತು, ಏಕೆಂದರೆ ಸುಧೀರನ ಫ್ಲ್ಯಾಟಿನಲ್ಲಿ ಎರಡನೇ ಗಾಡಿಗೆ ಜಾಗ ಇರಲಿಲ್ಲ.

ಮೊದಲ ಸಲದ ಕೆಲಸ ಸೀದಾ ಇತ್ತು. ಸ್ಟೀರಿಂಗನ್ನು ಎರಡು ಬೆರಳಿನಲ್ಲಿ ಅಲ್ಲಾಡಿಸಿದಾಗ, ಟೈರು ಅಲುಗುವ ಮೊದಲು ಅದು ಎಷ್ಟು ಖಾಲಿ ಓಡುತ್ತದೋ ಅದಕ್ಕೆ ನಾವು ‘ಪ್ಲೇ’ ಎನ್ನುತ್ತೇವೆ. ಅರ್ಧ ಇಂಚು ಇದ್ದರೆ ತೊಂದರೆ ಇಲ್ಲ. ಇಲ್ಲಿ ಎರಡೂವರೆ ಇಂಚು ಇತ್ತು. ಸವೆದದ್ದು ಮುಖ್ಯವಾಗಿ ಎರಡು ಟೈ ರಾಡ್ ಎಂಡ್‌ಗಳು. ಸ್ಟೀರಿಂಗಿನಿಂದ ಬಂದ ಸರಳು ಚಕ್ರವನ್ನು ಹಿಡಿಯುವಲ್ಲಿ ಇರುವ ಕೀಲು ಅದು. ಒಳಗೊಂದು ಉಕ್ಕಿನ ಗುಂಡು, ಅದರ ಸುತ್ತ ಗ್ರೀಸು, ಮಣ್ಣು ನೀರು ಒಳಗೆ ಹೋಗದಂತೆ ಮೇಲೊಂದು ರಬ್ಬರಿನ ಬೂಟು. ನಮ್ಮ ತೋಳು ಹೆಗಲಿಗೆ ಸೇರುವಲ್ಲಿ ಇರುವಂಥದೇ ಏರ್ಪಾಡು. ಗುಂಡು ಸವೆದರೆ ಸ್ಟೀರಿಂಗ್ ಹೇಳಿದ ಮಾತು ಚಕ್ರಕ್ಕೆ ತಡವಾಗಿ ಮುಟ್ಟುತ್ತದೆ. ತೀರಾ ಸವೆದರೆ ಗುಂಡು ಗೂಡಿನಿಂದ ಜಾರಿ ಹೊರಗೆ ಬರುತ್ತದೆ, ಆಮೇಲೆ ದೇವರೇ ಗತಿ. ನಾನು ಎರಡೂ ಕಡೆ ಹೊಸತು ಹಾಕಿ, ಅಲೈನ್‌ಮೆಂಟ್ ಮಾಡಿ ಕಳಿಸಿದೆ. ನಿಪ್ಪಲ್, ಅಂದರೆ ಗ್ರೀಸು ತುಂಬುವ ಸಣ್ಣ ಬಾಯಿ, ಎಲ್ಲಿದೆ ಎಂದು ಸಂಜೀವಣ್ಣನಿಗೆ ತೋರಿಸಿ, ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿಯಲು ಹೇಳಿದೆ.

ಆ ಸಲವೇ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಕಾರಿನ ಅಡಿಭಾಗ ತೊಳೆದು ತಂದಿದ್ದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಸೋಪಿನ ನೊರೆಯೂ ಅಲ್ಲಲ್ಲಿ ಇತ್ತು. ಗ್ಯಾರೇಜಿಗೆ ಬರುವ ಗಾಡಿಯನ್ನು ಮೇಲಿನಿಂದ ತೊಳೆದು ತರುವವರು ಇದ್ದಾರೆ. ಅಡಿಯನ್ನು ತೊಳೆದು ತಂದವರನ್ನು ನಾನು ನೋಡಿರಲಿಲ್ಲ.

“ಎಂತ ಸಂಜೀವಣ್ಣ, ಕೆಳಗೆಲ್ಲ ಸ್ನಾನ ಮಾಡಿಸಿದ್ದೀರಿ?” ಎಂದೆ. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಣ್ಣು ಇತ್ತು ಭಟ್ರೆ. ನೀವು ಅಡಿಗೆ ಹೋಗುವವರಲ್ವಾ,” ಎಂದು ಅವರು ಬೇರೆ ಕಡೆ ನೋಡಿದರು.

ನವೆಂಬರಿನಲ್ಲಿ ಕಾರು ಮತ್ತೆ ಬಂತು. ಪ್ಲೇ ಮತ್ತೆ ಎರಡು ಇಂಚು. ಪಿಟ್ಟಿಗೆ, ಅಂದರೆ ಗಾಡಿಯ ಅಡಿಯಲ್ಲಿ ನಿಂತು ಕೆಲಸ ಮಾಡಲು ತೋಡಿದ ಗುಂಡಿಗೆ, ಇಳಿದು ನೋಡಿದರೆ ನಾನು ಹಾಕಿದ ಕೀಲುಗಳ ಬೂಟು ಉಬ್ಬಿ, ಮೆತ್ತಗಾಗಿ, ಒಂದು ಕಡೆ ಹರಿದಿತ್ತು. ಒಳಗೆ ಗ್ರೀಸು ಒಣಗಿ ಗುಂಡು ಕೆಂಪು ತುಕ್ಕು ಹಿಡಿದಿತ್ತು. ಐದು ವರ್ಷ ಬರಬೇಕಾದ ಮಾಲು ಎರಡು ತಿಂಗಳಿಗೆ ಮುಗಿದಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸ್ಪೇರ್ ಪಾರ್ಟಿನವನಿಗೆ ಫೋನು ಮಾಡಿ, ಅವನು ಬಾಯಿ ತೆರೆಯುವ ಮೊದಲೇ ಬಾಯಿಗೆ ಬಂದದ್ದೆಲ್ಲ ಬೈದೆ. ಅಂಬಾಸಿಡರಿಗೆ ಹೊಸ ಪಾರ್ಟು ತಯಾರಾಗುವುದು ನಿಂತಂತೆಯೇ, ಸಿಗುವುದರಲ್ಲಿ ಹೆಚ್ಚಿನವು ಡೂಪ್ಲಿಕೇಟು. ಆದ್ದರಿಂದ ನನಗೆ ಅವನ ಮೇಲೆಯೇ ಗುಮಾನಿ. ಬೇರೆ ಊರಿನ ಹಳೆಯ ಅಂಗಡಿಯೊಂದರಿಂದ ಸೀಲು ಒಡೆಯದ ಪೆಟ್ಟಿಗೆ ತರಿಸಿ, ನನ್ನ ಕೈಯಾರೆ ಒಡೆದು, ಎರಡೆರಡು ಚುಕ್ಕಿ ಕೊರೆದು ಹಾಕಿದೆ.

ಆ ಸಲವೂ ಗಾಡಿಯ ಅಡಿ ತೊಳೆದೇ ಬಂದಿತ್ತು. ಅಷ್ಟೇ ಅಲ್ಲ, ಸಂಜೀವಣ್ಣ ಗಾಡಿ ಬಿಟ್ಟು ಹೋಗಲೊಪ್ಪಲಿಲ್ಲ. ಕ್ಯಾಂಟೀನಿಗೆ ಹೋಗಿ ಚಾ ಕುಡಿದು ಬನ್ನಿ ಎಂದರೆ ಬೇಡ ಎಂದರು. ಪಿಟ್ಟಿನ ಬಾಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ನಾನು ಎಲ್ಲಿ ಕೈ ಇಡುತ್ತೇನೆ ಎಂದು ನೋಡುತ್ತಿದ್ದರು. ನಾನು ಒಮ್ಮೆ ಕೈಯನ್ನು ಮೂಗಿನ ಬಳಿ ತಂದು ಬೆವರು ಒರೆಸಿದೆ. ಅವರ ಮುಖ ಬಿಳಿಚಿತು. ಅದನ್ನೂ ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ಮರುದಿನ ಸುಧೀರ್ ಒಬ್ಬನೇ ಬಂದ. ಅವನ ತಲೆಯಲ್ಲಿ ಆಗಲೇ ಒಂದು ಲೆಕ್ಕ ಕೂತಿತ್ತು.

“ಭಟ್ರೆ, ಒಂದು ಮಾತು ಕೇಳ್ತೇನೆ. ಅಂಬಾಸಿಡರ್ ಪಾರ್ಟಿಗೆ ಈಗ ಭಾರಿ ಡಿಮಾಂಡ್ ಉಂಟು. ಹೊಸದನ್ನು ಬಿಚ್ಚಿ ಮಾರಿ, ಹಳೆಯದನ್ನು ಅದರ ಜಾಗಕ್ಕೆ ಹಾಕಿದ್ರೆ ನಮಗೆ ಗೊತ್ತಾಗ್ತದಾ?”

“ಯಾರು ಬಿಚ್ಚುವುದು?”

“ಗಾಡಿ ಯಾರ ಹತ್ರ ಇರುವುದು?” ಎಂದು ಅವನು ನನ್ನ ಮುಖ ನೋಡಿದ.

ಬಿಚ್ಚಿದ ಕೀಲುಗಳನ್ನು ನಾನು ಸಿಟ್ಟಿನ ಭರದಲ್ಲಿ ಚುಕ್ಕಿ ಹುಡುಕದೆಯೇ ಗುಜರಿಗೆ ಎಸೆದಿದ್ದೆ. ಆ ಮಾತು ನನ್ನೊಳಗೆ ಇಳಿದು ಗಟ್ಟಿಯಾಗಿ ಕೂತಿತು. ಟೈ ರಾಡ್ ಎಂಡ್ ಬಿಚ್ಚಿದರೆ ನಟ್ಟಿನ ಮೇಲೆ ಸ್ಪ್ಯಾನರಿನ ಹೊಸ ಗೀರು ಬೀಳುತ್ತದೆ, ಮಣ್ಣು ಉದುರಿದ ಗುರುತು ಉಳಿಯುತ್ತದೆ. ಅಡಿಯನ್ನು ಸೋಪು ಹಾಕಿ ತೊಳೆದರೆ ಎಲ್ಲಾ ಕಡೆ ಒಂದೇ ತರ ಕಾಣುತ್ತದೆ. ತೊಳೆಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯ ಅನ್ನ ಉಂಡ ಮನುಷ್ಯ ಹೀಗೆ ಮಾಡಿಯಾನೇ ಎಂದು ಒಮ್ಮೆ ಅನ್ನಿಸಿತು. ಮಾಡುವವರೆಲ್ಲ ಹಾಗೆ ನಂಬಿಸಿಯೇ ಮಾಡುವುದು ಎಂದು ನನಗೆ ನಾನೇ ಉತ್ತರ ಹೇಳಿಕೊಂಡೆ.

ಡಿಸೆಂಬರಿನ ಆರಂಭದಲ್ಲಿ ಒಂದು ಬೆಳಿಗ್ಗೆ ಗ್ಯಾರೇಜಿಗೆ ಹೋಗುವ ದಾರಿ ತಪ್ಪಿಸಿ, ಸ್ಕೂಟರನ್ನು ಸೀದಾ ಸಂಜೀವಣ್ಣನ ಮನೆ ಕಡೆ ತಿರುಗಿಸಿದೆ. ಹೇಳದೆ ಹೋದದ್ದು. ತೆಂಗಿನ ಮರಗಳ ನಡುವೆ ಹೊಯಿಗೆಯ, ಅಂದರೆ ಮರಳಿನ, ಅಂಗಳ, ಹಿಂದೆಯೇ ಕಡಲು. ಅಂಬಾಸಿಡರಿನ ಮುಂದಿನ ಚಕ್ರಗಳನ್ನು ಎರಡು ದಪ್ಪ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಿದ್ದರು. ಅಡಿಯಿಂದ ಸಂಜೀವಣ್ಣನ ಕಾಲು ಮಾತ್ರ ಕಾಣುತ್ತಿತ್ತು. ನನ್ನ ಸ್ಕೂಟರಿನ ಸದ್ದಿಗೆ ಅವರು ತೆವಳಿಕೊಂಡು ಹೊರಗೆ ಬಂದರು. ಕೈಯಲ್ಲಿ ಒಂದು ಬ್ರಷ್. ನನ್ನನ್ನು ನೋಡಿದ್ದೇ ತಡ, ಪಕ್ಕದಲ್ಲಿದ್ದ ತಗಡಿನ ಡಬ್ಬವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಅದರ ಮೇಲೆ ಗೋಣಿ ಎಳೆದರು.

“ಎಂತ ಕೆಲಸ ನಡೀತಾ ಉಂಟು?”

“ಏನಿಲ್ಲ ಭಟ್ರೆ. ಸುಮ್ಮನೆ... ಕ್ಲೀನಿಂಗು.”

“ಡಬ್ಬದಲ್ಲಿ ಎಂತ?”

“ಏನಿಲ್ಲ,” ಎಂದು ಅವರು ನನಗೂ ಡಬ್ಬಕ್ಕೂ ನಡುವೆ ನಿಂತರು. “ಮನೆಯವಳಿಗೆ ಎಳನೀರು ತರ್ಲಿಕ್ಕೆ ಹೇಳ್ತೇನೆ, ನೀವು ಕೂತುಕೊಳ್ಳಿ.”

ನಾನು ಕೂರಲಿಲ್ಲ, ಎಳನೀರೂ ಕುಡಿಯಲಿಲ್ಲ. ಡೀಸೆಲಿನಲ್ಲಿ ನಟ್ಟು ತೊಳೆಯುತ್ತಿದ್ದಾರೆ, ಬಿಚ್ಚುವ ತಯಾರಿ ಎಂದು ನಿಶ್ಚಯಿಸಿ ಸ್ಕೂಟರ್ ತಿರುಗಿಸಿದೆ. ಗ್ಯಾರೇಜಿಗೆ ಬಂದು ಹಮೀದನಿಗೆ ಎಲ್ಲ ಹೇಳಿದೆ. ಹಮೀದ್ ನನ್ನ ಜೊತೆಗಾರ, ಗ್ಯಾರೇಜು ತೆರೆದ ವರ್ಷದಿಂದಲೂ ಇದ್ದವನು. ನಾನು ಎಷ್ಟು ಸಂಶಯ ಪಡುತ್ತೇನೋ ಅವನು ಅಷ್ಟೇ ನೆಮ್ಮದಿಯ ಮನುಷ್ಯ.

“ಭಟ್ರೆ, ಮೊನ್ನೆ ಪೋಸ್ಟ್‌ಮ್ಯಾನ್ ಮೇಲೂ ನಿಮಗೆ ಡೌಟ್ ಇತ್ತು,” ಎಂದು ನಕ್ಕು ಕೆಲಸಕ್ಕೆ ಹೋದ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಕೂಳೂರು ಸೇತುವೆಯ ಮೇಲೆ ಅದು ಆಗಿಯೇ ಹೋಯಿತು. ಮದುವೆ ಮುಗಿಸಿ ಮದುಮಕ್ಕಳನ್ನು ಸುರತ್ಕಲ್ ಕಡೆ ಕರೆದೊಯ್ಯುತ್ತಿದ್ದರು. ಸೇತುವೆಯ ಮೇಲೆ ಒಂದು ಹೊಂಡಕ್ಕೆ ಚಕ್ರ ಇಳಿದದ್ದೇ ಸ್ಟೀರಿಂಗ್ ಗಡಗಡ ನಡುಗಿ, ಕಾರು ಎಡಕ್ಕೆ ಎಳೆಯಿತು. ಸಂಜೀವಣ್ಣ ಬಲಕ್ಕೆ ತಿರುಗಿಸಿದರೂ ಚಕ್ರ ಕೇಳಲಿಲ್ಲ. ಅವರು ಬ್ರೇಕನ್ನು ಒಮ್ಮೆಗೇ ಒತ್ತದೆ, ಗೇರು ಇಳಿಸಿ, ತಡೆಗೋಡೆಗೆ ಒಂದಡಿ ಇರುವಾಗ ಗಾಡಿ ನಿಲ್ಲಿಸಿದರು. ಕೆಳಗೆ ಫಲ್ಗುಣಿ ಹೊಳೆ. ಮದುಮಗಳು ಅಳತೊಡಗಿದಳು, ಹಿಂದೆ ಬರುತ್ತಿದ್ದ ಬಂಧುಗಳು ಇಳಿದು ಸಂಜೀವಣ್ಣನ ಕಾಲರ್ ಹಿಡಿದರಂತೆ. ಗಾಡಿಯನ್ನು ಟೋ ಮಾಡಿಸಿ ನಮ್ಮ ಗ್ಯಾರೇಜಿನ ಗೇಟಿನೊಳಗೆ ತಂದು ಬಿಟ್ಟರು.

ಸೋಮವಾರ ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಸುಧೀರನೂ ಸಂಜೀವಣ್ಣನೂ ಬಂದು ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸುಧೀರ್ ಒಳಗೆ ಬಂದು ಕಾರಿನ ಕೀ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಅದರಲ್ಲಿ ಅವನ ತಂದೆಯ ಕಾಲದ ಹಿತ್ತಾಳೆಯ ಕೀಚೈನು ಇತ್ತು.

“ಇವತ್ತು ನೀವು ಹೇಳಿ ಭಟ್ರೆ. ನೀವು ಹಾಕಿದ ಪಾರ್ಟು ಅಲ್ಲಿ ಇಲ್ಲದಿದ್ರೆ ನಾನು ಇಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗ್ತೇನೆ. ಆ ಹುಡುಗಿ ಹೊಳೆಗೆ ಬೀಳ್ತಿದ್ಲು.”

 ನಾನು ಡ್ರೆಸ್ ಬದಲಿಸಿ ಪಿಟ್ಟಿನ ಕಡೆ ಹೊರಟಾಗ ಸಂಜೀವಣ್ಣ ಅಡ್ಡ ಬಂದರು.

“ಭಟ್ರೆ, ಒಂದು ಐದು ನಿಮಿಷ. ಸ್ವಲ್ಪ ನೀರು ಹಾಕಿ ತೊಳೀತೇನೆ. ಆಮೇಲೆ ನೋಡಿ.”

ನನ್ನ ಮೈ ಉರಿಯಿತು. ಇಷ್ಟೆಲ್ಲ ಆದ ಮೇಲೂ ತೊಳೆಯುವ ಮಾತು. ಸೇತುವೆಯಿಂದ ನೇರ ಟೋ ಆಗಿ ಬಂದದ್ದರಿಂದ ಅದು ಆ ಕಾರು ನಮ್ಮಲ್ಲಿಗೆ ತೊಳೆಯದೆ ಬಂದ ಮೊದಲನೆಯ ಸಲ. ಇವರು ಮುಚ್ಚಿಡುವುದೇನಿದ್ದರೂ ಇವತ್ತು ಅಲ್ಲಿಯೇ ಇರಬೇಕು.

“ಒಂದು ಹನಿ ನೀರು ಮುಟ್ಟಿಸಬಾರದು,” ಎಂದೆ. “ನೀವು ಆ ಗೋಡೆಯ ಹತ್ತಿರ ನಿಲ್ಲಿ.”

ಅವರು ಕೈ ಮುಗಿದರು. “ಭಟ್ರೆ, ನಿಮಗೋಸ್ಕರ ಹೇಳುವುದು.” ನನಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಹಮೀದ್ ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ.

ಪಿಟ್ಟಿನಲ್ಲಿ ನಿಂತು ಟಾರ್ಚು ಬಿಟ್ಟೆ. ಎಡಗಡೆಯ ಕೀಲು ಕೈಯಲ್ಲಿ ಹಿಡಿದರೆ ಸಡಿಲ ಹಲ್ಲಿನಂತೆ ಅಲುಗುತ್ತಿತ್ತು. ಇನ್ನೊಂದು ಹೊಂಡ ಸಿಕ್ಕಿದ್ದರೆ ಗುಂಡು ಹೊರಗೆ ಬರುತ್ತಿತ್ತು. ಬೂಟು ಉಬ್ಬಿ ಹರಿದಿತ್ತು. ನಾನು ಹುಡುಕಿದ್ದು ಅದನ್ನಲ್ಲ, ನನ್ನ ಎರಡು ಚುಕ್ಕಿಗಳನ್ನು. ಚುಕ್ಕಿ ಇರಲಿಲ್ಲ. ನಾನು ಹಾಕಿದ್ದು ಪೆಟ್ಟಿಗೆಯಿಂದ ಆಗ ತಾನೇ ತೆಗೆದ ಹೊಳೆಯುವ ಕಪ್ಪು ಪಾರ್ಟು. ಇಲ್ಲಿದ್ದದ್ದು ಕಂದು ಬಣ್ಣ ತಿರುಗಿದ, ಹತ್ತು ವರ್ಷ ಹಳತು ಎನ್ನಬಹುದಾದ ವಸ್ತು. ಬಲಗಡೆಯೂ ಹಾಗೆಯೇ. ನಿಜ ಹೇಳಬೇಕೆಂದರೆ ನನಗೆ ಆ ಕ್ಷಣ ಬೇಸರವಾಗಲಿಲ್ಲ. ನಾನು ಎಣಿಸಿದ್ದು ಸರಿಯಾಯಿತಲ್ಲ ಎಂಬ ಸಮಾಧಾನವೇ ಆಯಿತು.

ಮೇಲಿನಿಂದ ಸುಧೀರ್ ಕೇಳಿದ, “ನಿಮ್ಮ ಗುರುತು ಉಂಟಾ?”

“ಕಾಣುವುದಿಲ್ಲ.”

ಅವನು ಸಂಜೀವಣ್ಣನ ಕಡೆ ತಿರುಗಿದ. ಸ್ವರ ಏರಿಸಲಿಲ್ಲ. “ಅಪ್ಪ ಹೋಗುವಾಗ ನಿಮ್ಮನ್ನು ಬಿಡಬಾರದು ಅಂತ ನನ್ನ ಹತ್ರ ಮಾತು ತೆಗೊಂಡಿದ್ರು. ಇನ್ನು ಎಂತ ಹೇಳ್ಲಿಕ್ಕೆ ಉಂಟು ಸಂಜೀವಣ್ಣ?”

“ನಾನು ಯಾವುದನ್ನೂ ಬಿಚ್ಚಲಿಲ್ಲ,” ಎಂದರು ಸಂಜೀವಣ್ಣ. ಅಷ್ಟೇ. ಸುಧೀರ್ ಮೊಬೈಲು ಹೊರಗೆ ತೆಗೆದ.

ನನಗೊಂದು ಹಠ ಇದೆ. ಹಾಳಾದ ಪಾರ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿಯುವವರೆಗೆ ನಾನು ಯಾರಿಗೂ ಕೊನೆಯ ಮಾತು ಹೇಳುವುದಿಲ್ಲ. ಅರ್ಧ ಗಂಟೆ ತಾಳು, ಹೊರಗೆ ತೆಗೆದ ಮೇಲೆ ಫೋನು ಮಾಡು ಎಂದು ಸುಧೀರನಿಗೆ ಹೇಳಿದೆ. ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಅಂಟು ಹಿಡಿದಂತೆ ಕೂತಿತ್ತು. ಹಮೀದ್ ಗ್ಯಾಸಿನ ದೀಪ ಹಚ್ಚಿ ಕೊಟ್ಟ. ಬಿಗಿದ ನಟ್ಟನ್ನು ಸ್ವಲ್ಪ ಬಿಸಿ ಮಾಡಿದರೆ ಸಡಿಲಾಗುತ್ತದೆ, ಅದು ದಿನನಿತ್ಯದ ಕೆಲಸ. ಜ್ವಾಲೆ ಹಿಡಿದೆ. ಬಿಸಿ ತಾಗಿದ ಕಡೆ ಆ ಕಂದು ಬಣ್ಣ ಗುಳ್ಳೆ ಎದ್ದು, ಸುರುಳಿ ಸುತ್ತಿ, ಹೊಗೆ ಬಂತು. ರಬ್ಬರು ಸುಡುವ ವಾಸನೆ ನನಗೆ ಗೊತ್ತು, ಎಂಜಿನ್ ಎಣ್ಣೆ ಸುಡುವುದೂ ಗೊತ್ತು. ಇದು ಯಾವುದು ಎಂದು ತಿಳಿಯಲಿಲ್ಲ.

ಪಿಟ್ಟಿನ ಬಾಯಲ್ಲಿದ್ದ ಹಮೀದ್ ಮೂಗು ಅರಳಿಸಿದ. “ಭಟ್ರೆ, ನೀವು ಅಡಿಯಲ್ಲಿ ಎಂತ, ಬೂತಾಯಿ ಮೀನು ಕಾಯಿಸ್ತಿದ್ದೀರಾ?”

ನಾನು ದೀಪ ಆರಿಸಿದೆ. ಹಳೆ ಬನಿಯನ್ ತುಂಡಿನಿಂದ ಕೀಲನ್ನು ಒತ್ತಿ ಒರೆಸಿದೆ. ಕಂದು ಪೊರೆ ಸಿಪ್ಪೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ಕಪ್ಪು ಕಬ್ಬಿಣ, ಅದರ ಮೇಲೆ ಅಕ್ಕಪಕ್ಕದಲ್ಲಿ ನನ್ನ ಎರಡು ಚುಕ್ಕಿ. ಬಲಗಡೆಯದನ್ನೂ ಒರೆಸಿದೆ. ಅಲ್ಲಿಯೂ ಇತ್ತು. ಬಿಸಿಗೆ ಸಡಿಲಾದ ನಟ್ಟು ತಿರುಗಿಸಿ ಎಡಗಡೆಯ ಕೀಲನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಮೇಲೆ ಬಂದು ಆ ಮನುಷ್ಯನ ಮುಖ ನೋಡಲು ನನಗೆ ನಾಚಿಕೆಯಾಯಿತು.

“ಇದು ನಾನು ಹಾಕಿದ್ದೇ,” ಎಂದು ಮೇಲೆ ಬಂದು ಸುಧೀರನಿಗೆ ಹೇಳಿದೆ. “ಯಾರೂ ಬದಲಾಯಿಸಲಿಲ್ಲ. ಫೋನು ಒಳಗಿಡು.” ಆಮೇಲೆ ಸಂಜೀವಣ್ಣನ ಕಡೆ ತಿರುಗಿ, “ಇದಕ್ಕೆ ಎಂತ ಹಚ್ಚಿದ್ದು ನೀವು?” ಎಂದೆ.

ಅವರು ಗೋಡೆಗೆ ಒರಗಿ, ನೆಲ ನೋಡುತ್ತ ಹೇಳಿದರು. “ಮೀನೆಣ್ಣೆ ಭಟ್ರೆ. ಬೂತಾಯಿಯದ್ದು. ನಮ್ಮ ಮನೆಯಲ್ಲಿ ದೋಣಿಗೆ ಹಾಕುವುದು. ಅಪ್ಪನ ದೋಣಿ ಅಷ್ಟು ವರ್ಷ ಉಪ್ಪುನೀರಿನಲ್ಲಿ ನಿಂತದ್ದು ಅದರಿಂದಲೇ. ದೊಡ್ಡ ಧಣಿಗಳು, ಇವರ ಅಪ್ಪ, ಇರುವಾಗ ವರ್ಷಕ್ಕೊಮ್ಮೆ ಗಾಡಿಯ ತಗಡಿಗೆ ಮಾತ್ರ ಹಾಕ್ತಿದ್ದೆ. ಈಗ ಗಾಡಿ ಕಡಲ ಬದಿಯಲ್ಲೇ ನಿಲ್ಲುವುದಲ್ವಾ. ತುಕ್ಕು ಕಂಡ್ರೆ ಮಾರ್ತೇನೆ ಅಂತ ಇವರು ಹೇಳಿದ್ರು. ಅದಕ್ಕೆ ವಾರ ವಾರ ಹಾಕಿದೆ. ನೀವು ಹಾಕಿದ್ದು ಹೊಸ ಪಾರ್ಟು, ಮತ್ತೆ ಸಿಗುವುದಿಲ್ಲ ಅಂದ್ರಿ. ಉಪ್ಪು ಗಾಳಿ ತಾಗಬಾರದು ಅಂತ ಅದಕ್ಕೆ ಎರಡು ಕೈ ಜಾಸ್ತಿಯೇ ಹಚ್ಚಿದೆ.”

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮೀನೆಣ್ಣೆ ಗಾಳಿಗೆ ಒಣಗಿ ವಾರ್ನಿಷಿನಂತೆ ಗಟ್ಟಿ ಪೊರೆಯಾಗುತ್ತದೆ. ಮರದ ದೋಣಿಗೆ ಅದು ಕವಚ. ಕಾರಿನ ತಗಡಿಗೂ ಅದರಿಂದ ಕೇಡಿಲ್ಲ. ಆದರೆ ರಬ್ಬರಿಗೆ ಎಣ್ಣೆ ಆಗುವುದಿಲ್ಲ. ಬೂಟು ಎಣ್ಣೆ ಕುಡಿದು ಉಬ್ಬಿ, ಮೆತ್ತಗಾಗಿ ಹರಿಯುತ್ತದೆ. ಪೊರೆ ನಿಪ್ಪಲಿನ ಬಾಯಿಯನ್ನೂ ಮುಚ್ಚಿತ್ತು. ಸಂಜೀವಣ್ಣ ತಪ್ಪದೆ ಗ್ರೀಸ್ ಗನ್ ಹಿಡಿಯುತ್ತಿದ್ದರು, ಗ್ರೀಸು ಒಳಗೆ ಹೋಗದೆ ಸುತ್ತ ಉಕ್ಕುತ್ತಿತ್ತು. ಉಕ್ಕಿದ್ದನ್ನು ಕಂಡು ತುಂಬಿತು ಎಂದುಕೊಳ್ಳುತ್ತಿದ್ದರು. ಅದರ ಮೇಲೆ ಪೈಪು ಹಿಡಿದು ಸೋಪಿನಲ್ಲಿ ತೊಳೆದಾಗ ಹರಿದ ಬೂಟಿನೊಳಗೆ ನೀರು, ಹೊಯಿಗೆ ಎಲ್ಲ ಸೇರಿತು. ಒಣಗಿದ ಗುಂಡನ್ನು ಹೊಯಿಗೆ ಅರೆದು ಮುಗಿಸಿತು.

“ಎಣ್ಣೆ ಹಚ್ಚಿದ್ದು ಸರಿ ಮಾರಾಯ್ರೆ,” ಎಂದೆ. “ಹಚ್ಚಿದ್ದನ್ನು ನನ್ನಲ್ಲಿಗೆ ಬರುವ ಮೊದಲು ತೊಳೆಯುವುದು ಯಾಕೆ? ಡಬ್ಬ ಅಡಗಿಸಿದ್ದು ಯಾಕೆ? ಒಂದು ಮಾತು ಹೇಳಿದ್ದರೆ ಮೊದಲ ಸಲವೇ ಮುಗಿಯುತ್ತಿತ್ತು.”

ಸಂಜೀವಣ್ಣ ಸುಧೀರನನ್ನೂ ಹಮೀದನನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ನೀವು ಅಡಿಗೆ ಹೋಗುವವರಲ್ವಾ ಭಟ್ರೆ. ಬಿಚ್ಚುವಾಗ ಮುಖದ ಮೇಲೆ ತೊಟ್ಟು ಬೀಳ್ತದೆ. ನೀವು ಸಂಜೆ ಮನೆಗೆ ಹೋಗಿ ದೇವರಿಗೆ ದೀಪ ಇಡುವವರು. ನಿಮ್ಮ ಮೈಗೆ ಮೀನೆಣ್ಣೆ ಹಾಕಿಸುವುದು ಹೇಗೆ? ಹೇಳಿದ್ರೆ ನೀವು ಗಾಡಿ ಮುಟ್ಲಿಕ್ಕಿಲ್ಲ ಅಂತ ಹೆದರಿಕೆ. ಹೇಳದೆ ತಂದ್ರೆ ನನಗೆ ಪಾಪ. ಅದಕ್ಕೆ ತೊಳೆದು ತರ್ತಿದ್ದೆ.”

 ನನಗೆ ನಗುವೂ ಬಂತು, ನನ್ನ ಮೇಲೆಯೇ ಸಿಟ್ಟೂ ಬಂತು. ಇವರನ್ನು ಕಳ್ಳ ಎಂದು ನಾನು ಎಣಿಸಿದ ಒಂದೊಂದು ಗುರುತೂ ನನ್ನ ಮಡಿ ಕಾಯಲು ಅವರು ಪಟ್ಟ ಪಾಡು. ನಾನು ಮೂಗಿನ ಬಳಿ ಕೈ ತಂದಾಗ ಅವರ ಮುಖ ಯಾಕೆ ಬಿಳಿಚಿತು ಎಂದು ಆಗ ಅರ್ಥವಾಯಿತು.

“ಸಂಜೀವಣ್ಣ,” ಎಂದೆ, “ಈ ಗೋಡೆಯ ಆಚೆ ಏನುಂಟು ನೋಡಿ. ಇಪ್ಪತ್ತೆಂಟು ವರ್ಷದಿಂದ ನಾನು ಮೀನಿನ ಲಾರಿಗಳ ಅಡಿಯಲ್ಲಿ ಮಲಗಿದವ. ಐಸು ಕರಗಿದ ನೀರು ನನ್ನ ಬಾಯಿಗೇ ಬಿದ್ದದ್ದು ಉಂಟು. ಮನೆಗೆ ಹೋಗಿ ಬಾವಿಕಟ್ಟೆಯಲ್ಲಿ ನಾಲ್ಕು ಕೊಡಪಾನ ಹೊಯ್ದುಕೊಂಡರೆ ದೇವರಿಗೂ ತಕರಾರಿಲ್ಲ, ಹೆಂಡತಿಗೂ ಇಲ್ಲ. ನಿಮಗೊಬ್ಬರಿಗೆ ಯಾಕೆ?”

ಹಮೀದ್ ಜೋರಾಗಿ ನಕ್ಕ. ಸಂಜೀವಣ್ಣ ನಗಲಿಲ್ಲ. ಅವರು ನನ್ನ ಕೈಯಲ್ಲಿದ್ದ ಸವೆದ ಕೀಲನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. “ಹಾಗಾದ್ರೆ ಇದು ಹಾಳಾದದ್ದು ನನ್ನಿಂದಲೇ,” ಎಂದರು. “ಆ ಹುಡುಗಿಗೆ ಎಂತಾದ್ರೂ ಆಗಿದ್ರೆ ನಾನು ಮಾಡಿದ್ದೇ ಆಗ್ತಿತ್ತು.”

 ಆ ಮಾತು ಸುಳ್ಳಲ್ಲ. ಉತ್ತರ ಕೊಟ್ಟದ್ದು ಸುಧೀರ್. ಅವನು ಮೇಜಿನಿಂದ ಕೀ ಎತ್ತಿ ತಂದ. ಕ್ಷಮೆ ಕೇಳುವ ಅಭ್ಯಾಸ ಅವನಿಗಿಲ್ಲ, ನಮ್ಮ ಕಡೆ ಹೆಚ್ಚಿ‌ನ ಗಂಡಸರಿಗೆ ಇಲ್ಲ.

“ಸೇತುವೆ ಮೇಲೆ ನಾನು ಸ್ಟೀರಿಂಗಿನಲ್ಲಿ ಇದ್ದಿದ್ರೆ ಬ್ರೇಕು ಒತ್ತಿ ಹೊಳೆಗೇ ಹಾಕ್ತಿದ್ದೆ,” ಎಂದ. “ತಕೊಳ್ಳಿ.”

ಸಂಜೀವಣ್ಣ ಕೈ ಚಾಚಲಿಲ್ಲ. ಸುಧೀರ್ ಅವರ ಅಂಗಿಯ ಜೇಬಿಗೆ ಕೀ ಹಾಕಿ, ಒಂದು ಕ್ಷಣ ಅಲ್ಲಿಯೇ ಕೈ ಇಟ್ಟು ನಿಂತ. ಆಮೇಲೆ ಫೋನು ಬಂತು ಎಂದು ಹೇಳಿ ಹೊರಗೆ ಹೋದ. ಫೋನು ಬಂದಿರಲಿಲ್ಲ.

ಮೂರನೇ ಜೋಡಿ ಕೀಲು ಹಾಕಿದ್ದು ನಾನೇ, ಚುಕ್ಕಿ ಕೊರೆದು. ಈ ಸಲ ಸಂಜೀವಣ್ಣನನ್ನು ಪಿಟ್ಟಿಗೇ ಇಳಿಸಿಕೊಂಡು, ಎಲ್ಲಿ ಎಣ್ಣೆ ಹಚ್ಚಬಹುದು, ಎಲ್ಲಿ ಬ್ರಷ್ ಹತ್ತಿರವೂ ತರಬಾರದು ಎಂದು ಸುಣ್ಣದಿಂದ ಗೆರೆ ಎಳೆದು ತೋರಿಸಿದೆ. ಸುಧೀರ್ ಆಫೀಸಿನ ಹಿಂದೆ ಶೆಡ್ಡು ಕಟ್ಟಿಸಿ ಕೊಡುತ್ತೇನೆ ಎಂದ. ಸಂಜೀವಣ್ಣ ಒಪ್ಪಲಿಲ್ಲ. ಕಾರು ಇಂದಿಗೂ ಕಡಲ ಬದಿಯಲ್ಲೇ ಇದೆ, ಆ ಕೀಲುಗಳೂ ಇನ್ನೂ ಇವೆ.

ಸಂಶಯ ನನ್ನನ್ನು ಬಿಟ್ಟು ಹೋಗಿಲ್ಲ. ಬಿಡುವುದೂ ಬೇಡ, ಅದು ನನ್ನ ಹೊಟ್ಟೆಪಾಡು. ಆದರೆ ಸವೆದ ಪಾರ್ಟು ಕೈಗೆ ಬಂದಾಗ ಕೇಳುವ ಪ್ರಶ್ನೆ ಬದಲಾಗಿದೆ. ಮೊದಲೆಲ್ಲ ಇದರಿಂದ ಯಾರಿಗೆ ಲಾಭ ಎಂದು ಕೇಳುತ್ತಿದ್ದೆ. ಈಗ ಈ ಗಾಡಿಯನ್ನು ಅತಿ ಹೆಚ್ಚು ಮುದ್ದು ಮಾಡುವವರು ಯಾರು, ಅವರು ಇದಕ್ಕೆ ಏನೇನು ಹಚ್ಚುತ್ತಾರೆ ಎಂದು ಮೊದಲು ವಿಚಾರಿಸುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಉತ್ತರ ಅಲ್ಲಿಯೇ ಸಿಗುತ್ತದೆ.

ಕಳೆದ ತಿಂಗಳು ಅಂಬಾಸಿಡರ್ ಸರ್ವಿಸಿಗೆ ಬಂದಿತ್ತು. ನಾನು ಪಿಟ್ಟಿಗೆ ಇಳಿದು ಮೇಲೆ ನೋಡಿದೆ. ಅಡಿ ಒಣಗಿತ್ತು, ಮಣ್ಣು ಹಾಗೆಯೇ ಇತ್ತು, ತಗಡಿನ ಮೇಲೆ ಎಣ್ಣೆ ಮಿಂಚುತ್ತಿತ್ತು. ಒಂದು ತೊಟ್ಟು ನನ್ನ ಹಣೆಯ ಮೇಲೆ ಬಿತ್ತು. ಪಿಟ್ಟಿನ ಬಾಯಲ್ಲಿ ಕೂತಿದ್ದ ಸಂಜೀವಣ್ಣ ಅಭ್ಯಾಸಬಲದಿಂದ ನನಗೆ ಒರೆಸಿಕೊಳ್ಳಲು ಕೊಡಲೆಂದು ಹೆಗಲ ಬೈರಾಸು ತೆಗೆದರು, ಆಮೇಲೆ ಏನೋ ನೆನಪಾಗಿ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ಚಾ ಕುಡಿದು ಬರ್ತೇನೆ ಭಟ್ರೆ,” ಎಂದು ಎದ್ದು ಹೋದರು.